ಎಂಬತ್ತರ ದಶಕದ ಮೆಟಲ್ (ಅಬ್ಬರದ ಗಿಟಾರಿನ ರಾಕ್ ಸಂಗೀತ) ಆಲ್ಬಂಗಳಲ್ಲಿ ನಿಮಗೆ ಅಚ್ಚುಮೆಚ್ಚಿನವು ಯಾವುವು, ಏಕೆ?

ನನ್ನ ಮಟ್ಟಿಗೆ ಮೊದಲ ಸ್ಥಾನ 1986ರಲ್ಲಿ ಬಂದ, ಮೆಟಾಲಿಕಾ ಬ್ಯಾಂಡಿನ 'ಮಾಸ್ಟರ್ ಆಫ್ ಪಪೆಟ್ಸ್'ಗೆ ಸಲ್ಲುತ್ತದೆ. ವೇಗವೊಂದೇ ಮೆಟಲ್ ಸಂಗೀತದ ಬಿರುಸಿನ, ಒರಟು ಪ್ರಕಾರವಾದ ಥ್ರ್ಯಾಶ್ ಮೆಟಲ್‌ನ ಬಂಡವಾಳವೆಂಬ ಆಕ್ಷೇಪಕ್ಕೆ ಇಷ್ಟು ಸಮರ್ಥವಾದ ಉತ್ತರ ಬೇರೆ ಇಲ್ಲ. ಮೊದಲ ಹಾಡು 'ಬ್ಯಾಟರಿ' ಅಕೌಸ್ಟಿಕ್ ಗಿಟಾರಿನ ಮೆಲುದನಿಯಲ್ಲಿ ಆರಂಭವಾಗಿ, ಅದೇ ಎಳೆಯನ್ನು ಎಲೆಕ್ಟ್ರಿಕ್ ಗಿಟಾರುಗಳು ಎತ್ತಿಕೊಂಡ ಬಳಿಕ ಒಮ್ಮೆಲೇ ಓಟಕ್ಕೆ ಬೀಳುತ್ತದೆ. ಸಾಹಿತ್ಯವಿಲ್ಲದ 'ಓರಿಯನ್'ನ ನಡುಭಾಗದಲ್ಲಿ ಅಬ್ಬರವೆಲ್ಲ ತಗ್ಗಿ, ಕ್ಲಿಫ್ ಬರ್ಟನ್ ಅವರ ಬೇಸ್ ಗಿಟಾರ್ ಮುನ್ನೆಲೆಗೆ ಬರುತ್ತದೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸ್ವೀಡನ್ನಿನಲ್ಲಿ ನಡೆದ ಬಸ್ ಅಪಘಾತದಲ್ಲಿ ಅವರು ತೀರಿಕೊಂಡರೆಂಬುದನ್ನು ತಿಳಿದು ಕೇಳಿದರೆ ಆ ಭಾಗ ಇನ್ನಷ್ಟು ಕಾಡುತ್ತದೆ. ನಮ್ಮ ಚಿಕ್ಕಮಗಳೂರಿನ ಮಳೆಗಾಲದಲ್ಲಿ ಹೆಂಚಿನ ಮೇಲಿನ ಸದ್ದಿಗೆ ಈ ಸೂಕ್ಷ್ಮಗಳು ಮುಚ್ಚಿಹೋಗುವುದರಿಂದ, ಹೆಡ್‌ಫೋನಿನಲ್ಲೇ ಕೇಳಿರೆಂದು ಗೆಳೆಯರಿಗೆ ಒತ್ತಾಯಿಸುತ್ತೇನೆ.

ಅದೇ ವರ್ಷದ ಸ್ಲೇಯರ್‌ನ 'ರೇನ್ ಇನ್ ಬ್ಲಡ್' 10 ಹಾಡುಗಳನ್ನು ಅರ್ಧ ಗಂಟೆಯೊಳಗೆ ಮುಗಿಸುತ್ತದೆ. ಡೇವ್ ಲೊಂಬಾರ್ಡೊ ಅವರ ಡ್ರಮ್ ವಾದನಕ್ಕಾಗಿಯೇ ಅದನ್ನು ಕೇಳಬೇಕು. ಇವೆರಡೂ ಕಿವಿಗೆ ಒರಟೆನಿಸಿದವರು ಐರನ್ ಮೇಡನ್‌ನ 'ಸೆವೆಂತ್ ಸನ್ ಆಫ್ ಎ ಸೆವೆಂತ್ ಸನ್'ನಿಂದ ಆರಂಭಿಸಬಹುದು. ಒಂದೇ ಕಥಾವಸ್ತುವಿನ ಸುತ್ತ ಹೆಣೆದ, 1988ರ ಆ ಆಲ್ಬಂನಲ್ಲಿ ಮಾಧುರ್ಯಕ್ಕೆ ಹೆಚ್ಚಿನ ಜಾಗವಿದೆ.