ವಾಹನ ಪ್ರಶ್ನೋತ್ತರ: ದೆಹಲಿಯಿಂದ ಬಂದ ಎಸ್‌ಯುವಿ ಕೊಳ್ಳುವ ಮುನ್ನ

ಪ್ರಶ್ನೆ: ನಾನು ಅಡಿಕೆ ವ್ಯಾಪಾರಿ. ಬೆಂಗಳೂರಿನ ಮಾರಾಟಗಾರರೊಬ್ಬರ ಬಳಿ ದೆಹಲಿ ನೋಂದಣಿಯ, 2017ರ ಆಡಿ ಕ್ಯೂ7 ಡೀಸೆಲ್ ವಾಹನವಿದೆ. ಮೀಟರ್ 58,000 ಕಿ.ಮೀ. ತೋರಿಸುತ್ತಿದ್ದು, 19 ಲಕ್ಷ ರೂಪಾಯಿ ಹೇಳುತ್ತಿದ್ದಾರೆ. ಬಣ್ಣ, ಒಳಾಂಗಣ ಹೊಸದರಂತಿವೆ. ಮುಂಗಡ ಕೊಡುವ ಮೊದಲು ಏನೇನು ನೋಡಬೇಕು?
– ಓದುಗರು, ದಾವಣಗೆರೆ

ಉತ್ತರ: ದೆಹಲಿಯ ಡೀಸೆಲ್ ವಾಹನಗಳು ಇಲ್ಲಿ ಅಗ್ಗಕ್ಕೆ ಸಿಗುವುದಕ್ಕೆ ಕಾರಣವಿದೆ. ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳು ರಾಜಧಾನಿ ವಲಯದಲ್ಲಿ ಓಡಬಾರದೆಂದು 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆದೇಶಿಸಿತು; 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಮೇಲೆ ಅದರ ಜಾರಿ ಬಿಗಿಯಾಗುತ್ತ, ಸಡಿಲವಾಗುತ್ತ ಬಂದಿದ್ದರೂ ಅಲ್ಲಿನ ಮಾಲೀಕರಿಗೆ ಬೇಗ ಕೈತೊಳೆದುಕೊಳ್ಳುವ ಆತುರ ಇದ್ದೇ ಇದೆ. ಆದ್ದರಿಂದ ಬೆಲೆ ಕಡಿಮೆ ಎಂದ ಮಾತ್ರಕ್ಕೆ ವಾಹನ ಕೆಟ್ಟದ್ದೆಂದು ಭಾವಿಸಬೇಕಿಲ್ಲ.

ಆದರೆ ಆ ಅಗ್ಗದ ಬಹುಪಾಲನ್ನು ನಮ್ಮ ತೆರಿಗೆಯೇ ನುಂಗುತ್ತದೆ. ಕರ್ನಾಟಕದಲ್ಲಿ 20 ಲಕ್ಷ ರೂಪಾಯಿಗಿಂತ ಹೆಚ್ಚು ಬೆಲೆಯ ಕಾರುಗಳ ಜೀವಾವಧಿ ತೆರಿಗೆಯ ಮೂಲ ದರ ಶೇ 18. ವಾಹನಕ್ಕೆ ವಯಸ್ಸಾದಷ್ಟೂ ಅದು ಇಳಿಯುತ್ತದೆ, ಆದರೆ ಲೆಕ್ಕ ಹಾಕುವುದು ನೀವು ಕೊಟ್ಟ ಬೆಲೆಯ ಮೇಲಲ್ಲ, ಹೊಸದಿದ್ದಾಗಿನ ಬೆಲೆಯ ಮೇಲೆ. ಈ ಮಾದರಿ ಭಾರತಕ್ಕೆ ಬಂದಾಗ ಶೋರೂಮ್ ಬೆಲೆ 72 ಲಕ್ಷದಿಂದ ಆರಂಭವಾಗುತ್ತಿತ್ತು. ತೆರಿಗೆ ಅರ್ಧಕ್ಕಿಳಿಯಿತೆಂದು ಇಟ್ಟುಕೊಂಡರೂ ಆರು ಲಕ್ಷ ದಾಟುತ್ತದೆ, ಸೆಸ್ ಬೇರೆ. ಮಾರಾಟಗಾರರು ಹೇಳಿದ 19 ಲಕ್ಷದಲ್ಲಿ ಇದು ಸೇರಿದೆಯೇ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಮೊತ್ತ ಎಷ್ಟೆಂಬುದನ್ನು ನಿಮ್ಮ ಆರ್‌ಟಿಒ ಕಚೇರಿಯಲ್ಲೇ ಕೇಳಿ. ದೆಹಲಿ ಸಂಖ್ಯೆಫಲಕದಲ್ಲೇ ಓಡಿಸಬಹುದೆಂದು ಯಾರಾದರೂ ಧೈರ್ಯ ತುಂಬಿದರೆ ಕಿವಿಗೊಡಬೇಡಿ. ಬೆಂಗಳೂರಿನಲ್ಲಿ ತೆರಿಗೆ ಕಟ್ಟದ ಹೊರರಾಜ್ಯದ ಐಷಾರಾಮಿ ಕಾರುಗಳನ್ನು ಸಾರಿಗೆ ಇಲಾಖೆ ಕಾರ್ಯಾಚರಣೆ ನಡೆಸಿ ಜಪ್ತಿ ಮಾಡಿದೆ. ದೆಹಲಿಯಿಂದ ಬರುವ ನಮೂನೆ 28ರ ನಿರಾಕ್ಷೇಪಣಾ ಪತ್ರ ಯಾವ ಆರ್‌ಟಿಒ ಹೆಸರಿಗಿದೆ ಎಂದೂ ನೋಡಿ. ಬೆಂಗಳೂರಿನ ಕಚೇರಿಯ ಹೆಸರಿದ್ದರೆ ದಾವಣಗೆರೆಯಲ್ಲಿ ನೋಂದಣಿಗೆ ಅಲೆದಾಟ ತಪ್ಪದು.

ಇನ್ನು ವಾಹನ. ಹೊಳೆಯುವ ಬಣ್ಣಕ್ಕೆ ಮರುಳಾಗಬೇಡಿ, ಪಾಲಿಶ್ ಮಾಡಿಸುವುದು ಒಂದು ದಿನದ ಕೆಲಸ. ಡಿಜಿಟಲ್ ಮೀಟರನ್ನು ಹಿಂದಕ್ಕೆ ತಿರುಗಿಸುವುದೂ ಕಷ್ಟವಲ್ಲ. ಚಾಸಿ ಸಂಖ್ಯೆ ಕೊಟ್ಟು ಕಂಪನಿಯ ಅಧಿಕೃತ ಸರ್ವೀಸ್ ಕೇಂದ್ರದಲ್ಲಿ ಹಳೆಯ ಸರ್ವೀಸ್ ದಾಖಲೆಗಳನ್ನು ಕೇಳಿ, ಒಂದೊಂದು ಭೇಟಿಯ ಕಿ.ಮೀ. ಏರುತ್ತಲೇ ಬಂದಿದೆಯೇ ಎಂದು ಹೋಲಿಸಿ. ಟೈರಿನ ಬದಿಯಲ್ಲಿರುವ ನಾಲ್ಕಂಕಿಯ ಮುದ್ರೆಯೂ ಸಾಕ್ಷಿ ಹೇಳುತ್ತದೆ: 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು, ಅಂದರೆ ಮೂಲ ಟೈರ್ ಬದಲಾಗಿದೆ; ಮೀಟರ್ ತೋರಿಸುವ ಓಟಕ್ಕೆ ಅದು ಹೊಂದುತ್ತದೆಯೇ ನೋಡಿ. 58,000 ಕಿ.ಮೀ. ಓಡಿದ್ದೆನ್ನುವ ವಾಹನದ ಬ್ರೇಕ್ ಪೆಡಲ್ ರಬ್ಬರ್ ಸವೆದು ನುಣುಪಾಗಿದ್ದರೆ, ಸ್ಟೀರಿಂಗ್ ಚರ್ಮ ಹೊಳಪೇರಿದ್ದರೆ, ಮೀಟರಿಗಿಂತ ಅವುಗಳನ್ನೇ ನಂಬಿ.

ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿಸಬೇಕು. ಬಾನೆಟ್ ಮೇಲೆ ಕೈಯಿಟ್ಟಾಗ ಬೆಚ್ಚಗಿದ್ದರೆ ಅಂದು ಹಿಂತಿರುಗಿ, ಮರುದಿನ ಬೆಳಗ್ಗೆ ಹೋಗಿ. ಈ ಮೂರು ಲೀಟರ್ ಡೀಸೆಲ್ ಎಂಜಿನ್ನಿನ ಟೈಮಿಂಗ್ ಚೈನ್ (ವಾಲ್ವ್‌ಗಳ ಚಲನೆಯನ್ನು ಹೊಂದಿಸುವ ಸರಪಳಿ) ಹಿಂಭಾಗದಲ್ಲಿ, ಗೇರ್‌ಬಾಕ್ಸಿನ ಕಡೆಗಿದೆ. ಬಿಡಿಭಾಗದ ಬೆಲೆಗಿಂತ ಅಲ್ಲಿಗೆ ಕೈ ತಲುಪಿಸುವ ಕೂಲಿಯೇ ಭಾರಿ. ತಣ್ಣನೆಯ ಎಂಜಿನ್ ಎದ್ದ ಮೊದಲ ಕ್ಷಣಗಳಲ್ಲಿ ಹಿಂದುಗಡೆಯಿಂದ ಗಲಗಲ ಸದ್ದು ಬಂದರೆ ಪರಿಣತ ಮೆಕ್ಯಾನಿಕ್ ಕೇಳಿಸಿಕೊಳ್ಳುವವರೆಗೆ ಮಾತುಕತೆ ಮುಂದುವರಿಸಬೇಡಿ.

ಹೆಚ್ಚು ಜೇಬು ಸುಡುವುದು ಏರ್ ಸಸ್ಪೆನ್ಶನ್. ಇದರಲ್ಲಿ ಉಕ್ಕಿನ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳಿದ್ದು, ಕಾಲಕ್ರಮದಲ್ಲಿ ರಬ್ಬರ್ ಬಿರುಕು ಬಿಟ್ಟು ಗಾಳಿ ಸೋರುತ್ತದೆ; ಸೋರಿಕೆ ತುಂಬಲು ಕಂಪ್ರೆಸರ್ ಹೆಣಗಿ ಹೆಣಗಿ ಅದೂ ಸುಡುತ್ತದೆ. ಸಂಜೆ ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ನಾಲ್ಕೂ ಚಕ್ರಗಳ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಟೇಪಿನಿಂದ ಅಳೆದು ಬರೆದುಕೊಳ್ಳಿ. ಬೆಳಗ್ಗೆ ಎಂಜಿನ್ ಚಾಲೂ ಮಾಡುವ ಮುನ್ನ ಮತ್ತೆ ಅಳೆಯಿರಿ. ಒಂದು ಮೂಲೆ ಎದ್ದುಕಾಣುವಷ್ಟು ಕುಸಿದಿದ್ದರೆ ಸೋರಿಕೆ ಆ ಕಡೆಗೇ ಇರುವ ಸಾಧ್ಯತೆ ಹೆಚ್ಚು. ರಾತ್ರಿಯಿಡೀ ವಾಹನ ಬಿಡಲು ಮಾರಾಟಗಾರರು ಒಪ್ಪದಿದ್ದರೆ, ಆ ನಿರಾಕರಣೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಒಳ್ಳೆಯದು.

ಸೈಲೆನ್ಸರ್ ಕೊಳವೆಯ ಒಳಗೆ ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಸರಿಯಿದ್ದರೆ ಮಸಿ ಅಷ್ಟಾಗಿ ಅಂಟುವುದಿಲ್ಲ. ದಪ್ಪಗೆ ಅಂಟಿದರೆ ಫಿಲ್ಟರ್ ಒಡೆದಿದೆ ಅಥವಾ ಅದನ್ನು ಕಿತ್ತುಹಾಕಿದ್ದಾರೆ. ಕಟ್ಟಿಕೊಂಡ ಮಸಿ ಸುಟ್ಟುಹೋಗಲು ಹೆದ್ದಾರಿಯಲ್ಲಿ ದೀರ್ಘ ಓಟ ಬೇಕು. ಅಂಗಡಿ, ಮಂಡಿ, ಮನೆ ಇಷ್ಟೇ ನಿಮ್ಮ ಓಡಾಟವಾದರೆ ಡೀಸೆಲ್ ಎಸ್‌ಯುವಿ ನಿಮಗೆ ತಕ್ಕದ್ದಲ್ಲವೆಂಬುದು ನನ್ನ ಅಭಿಪ್ರಾಯ.

ಕೊನೆಗೆ, ಆಡಿ ವಾಹನಗಳ ಕಂಟ್ರೋಲ್ ಯೂನಿಟ್‌ಗಳನ್ನು (ಒಳಗಿನ ಕಂಪ್ಯೂಟರ್‌ಗಳನ್ನು) ಓದಬಲ್ಲ ಸ್ಕ್ಯಾನರ್ ಇರುವ ಗ್ಯಾರೇಜಿನಲ್ಲಿ ಹಣ ಕೊಟ್ಟು, ಲಿಫ್ಟಿನ ಮೇಲೆ ಏರಿಸಿ ಪೂರ್ಣ ತಪಾಸಣೆ ಮಾಡಿಸಿ. ಗ್ಯಾರೇಜನ್ನು ನೀವೇ ಆರಿಸಬೇಕು, ಮಾರಾಟಗಾರರಲ್ಲ.

ಪ್ರಶ್ನೆ: ಪ್ರವಾಹದಲ್ಲಿ ಮುಳುಗಿದ್ದ ಕಾರನ್ನು ಗುರುತಿಸುವುದು ಹೇಗೆ?
– ಓದುಗರು, ಮೈಸೂರು

ಉತ್ತರ: 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳಲ್ಲಿ, 2015 ಮತ್ತು 2023ರಲ್ಲಿ ಚೆನ್ನೈನಲ್ಲಿ ಬಹಳಷ್ಟು ದುಬಾರಿ ಕಾರುಗಳು ನೀರುಪಾಲಾದ ಕಾರಣ ನಿಮ್ಮ ಅನುಮಾನ ಸಹಜವೇ. ಸೀಟ್‌ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ಎಷ್ಟೇ ತೊಳೆದರೂ ಸುರುಳಿಯ ಒಳಭಾಗದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸೀಟುಗಳು ಜಾರುವ ಕಬ್ಬಿಣದ ಹಳಿಯ ತುಕ್ಕು, ಸ್ಟೆಪ್ನಿ ಇಡುವ ಗುಂಡಿಯ ಮಣ್ಣು, ಕಾರ್ಪೆಟ್ ಎತ್ತಿದಾಗಿನ ಮುಗ್ಗಲು ವಾಸನೆಯನ್ನೂ ಗಮನಿಸಿ. ವಿಮೆ ಪಾಲಿಸಿಯಲ್ಲಿನ ನೋ ಕ್ಲೇಮ್ ಬೋನಸ್ (ಪರಿಹಾರ ಕೇಳದ ವರ್ಷಗಳಿಗೆ ಸಿಗುವ ರಿಯಾಯಿತಿ) ಕೂಡ ಸುಳಿವು ಕೊಡುತ್ತದೆ. ಒಬ್ಬರೇ ಮಾಲೀಕರು ವರ್ಷಗಟ್ಟಲೆ ವಿಮೆ ನವೀಕರಿಸುತ್ತ ಬಂದಿದ್ದೂ ಬೋನಸ್ ಸೊನ್ನೆಯಾಗಿದ್ದರೆ, ಹಿಂದಿನ ಅವಧಿಯಲ್ಲಿ ಪರಿಹಾರ ಪಡೆದದ್ದು ಯಾತಕ್ಕೆಂದು ನೇರವಾಗಿ ಕೇಳಿ.

ಪ್ರಶ್ನೆ: ಹಳೆಯ ಮಾಲೀಕರ ವಿಮೆ ಇನ್ನೂ ಎಂಟು ತಿಂಗಳಿದೆ. ಅದು ಸಾಕೇ?
– ಓದುಗರು, ಶಿರಸಿ

ಉತ್ತರ: ಮಾಲೀಕತ್ವ ಬದಲಾದ 14 ದಿನಗಳೊಳಗೆ ವಿಮಾ ಕಂಪನಿಗೆ ಅರ್ಜಿ ಕೊಟ್ಟು ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ; ಇಲ್ಲವಾದರೆ ನಿಮ್ಮ ವಾಹನಕ್ಕಾದ ಹಾನಿಯ ಪರಿಹಾರಕ್ಕೆ ತೊಡಕಾಗುತ್ತದೆ. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ ಅವರಿಗೇ ಸೇರಿದ್ದು, ಆದ್ದರಿಂದ ಅಷ್ಟು ವ್ಯತ್ಯಾಸದ ಹಣ ನೀವು ಕಟ್ಟಬೇಕಾಗುತ್ತದೆ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಅದನ್ನು ತೆಗೆಸುವ ನಮೂನೆ 35 ಮತ್ತು ಸಾಲ ತೀರಿದ ಪತ್ರ ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ.