ಅಮ್ಮನ ದನಿಯನ್ನು ಕಂಪ್ಯೂಟರಿಗೆ ತರೋದು ಹೇಗೆ?

ಪ್ರಶ್ನೆ: ನನ್ನ ವಾಯ್ಸ್‌ಮೇಲ್‌ನಲ್ಲಿ, ಅಂದರೆ ಫೋನ್ ಎತ್ತದಿದ್ದಾಗ ಕರೆ ಮಾಡಿದವರ ಮಾತು ರೆಕಾರ್ಡ್ ಆಗುವ ಕಡೆ, ತೀರಿಹೋದ ಅಮ್ಮನ ಕೆಲವು ಮೆಸೇಜುಗಳಿವೆ. ದೊಡ್ಡ ಮಾತೇನಲ್ಲ, ‘ಯಾಕೆ ಫೋನ್ ಎತ್ತಲಿಲ್ಲ, ಹುಷಾರಾಗಿದ್ದೀಯಾ’ ಅಷ್ಟೇ. ಈಗ ಫೋನೂ ಬದಲಿಸಬೇಕು, ಕಂಪನಿಯೂ ಬದಲಿಸಬೇಕು ಅಂತಿದ್ದೇನೆ. ಇವು ತಾವಾಗೇ ಹೊಸ ಫೋನಿಗೆ ಬರುತ್ತವಾ?

ಉತ್ತರ: ಬರುತ್ತವೆ ಅಂತ ನಂಬಿ ಕೂರಬೇಡಿ. ಮೆಸೇಜುಗಳು ಕಂಪ್ಯೂಟರಿಗೆ ಬಂದು, ಅಲ್ಲಿ ಒಂದೊಂದನ್ನೂ ಕೊನೆಯವರೆಗೆ ಕೇಳಿ ನೋಡುವ ತನಕ ಸಿಮ್, ಪ್ಲ್ಯಾನ್, ಕಂಪನಿ ಯಾವುದನ್ನೂ ಮುಟ್ಟಬೇಡಿ. ವಾಯ್ಸ್‌ಮೇಲ್ ಕೈಯಲ್ಲಿರೋ ಫೋನಿನೊಳಗೇ ಇದೆ ಅನ್ನಿಸುತ್ತದೆ, ಆದರೆ ಅದರ ಮೂಲ ಇರುವುದು ಫೋನ್ ಕಂಪನಿಯ ಸರ್ವರ್‌ನಲ್ಲಿ. ಕಂಪನಿ ಬಿಟ್ಟರೆ ಅದೂ ಹೋಯಿತು. ಬಿಡದಿದ್ದರೂ ಎಷ್ಟೋ ಕಂಪನಿಗಳು ಹಳೆಯ ಮೆಸೇಜುಗಳನ್ನು ಕೆಲವು ವಾರ ಇಟ್ಟು ಸುಮ್ನೆ ಅಳಿಸಿಬಿಡುತ್ತವೆ. ಆದ್ದರಿಂದ ಈ ಕೆಲಸ ಇವತ್ತೇ ಮಾಡಿ.

ಫೋನಿನಲ್ಲಿ ಮೆಸೇಜುಗಳ ಪಟ್ಟಿ ಕಾಣಿಸುತ್ತದೆ ಅಂದರೆ ಕೆಲಸ ಸುಲಭ. ಐಫೋನ್‌ನಲ್ಲಿ ಮೆಸೇಜ್ ಮುಟ್ಟಿ, ಚೌಕದಿಂದ ಮೇಲಕ್ಕೆ ಹೋಗುವ ಬಾಣದ ಗುರುತು ಒತ್ತಿ. ಫೈಲ್ಸ್‌ಗೆ ಸೇವ್ ಮಾಡಬಹುದು, ನಿಮಗೆ ನೀವೇ ಈಮೇಲ್ ಕಳಿಸಿಕೊಳ್ಳಬಹುದು. ಪಟ್ಟಿಯ ಕೊನೆಯಲ್ಲಿ ಡಿಲೀಟ್ ಆದ ಮೆಸೇಜುಗಳು ಬೇರೆಯಾಗಿ ಇರುತ್ತವೆ, ಅದನ್ನೂ ತೆರೆದು ನೋಡಿ, ಯಾವತ್ತೋ ಅಳಿಸಿದ್ದು ಅಲ್ಲಿ ಸಿಕ್ಕರೂ ಸಿಗಬಹುದು. ಆಂಡ್ರಾಯ್ಡ್‌ನಲ್ಲೂ ಇಂಥ ಪಟ್ಟಿ ಇದ್ದರೆ ಮೆಸೇಜಿನ ಜೊತೆಗೇ ಶೇರ್ ಅಥವಾ ಸೆಂಡ್ ಅಂತ ಇರುತ್ತದೆ.

ನಂಬರ್ ಡಯಲ್ ಮಾಡಿಯೇ ಕೇಳಬೇಕು ಅನ್ನುವ ಹಳೇ ಪದ್ಧತಿಯಾದರೆ ರೆಕಾರ್ಡ್ ಮಾಡಿಕೊಳ್ಳದೆ ದಾರಿ ಇಲ್ಲ. ಎರಡೂ ತುದಿಯಲ್ಲಿ 3.5 ಮಿ.ಮೀ. ಪಿನ್ ಇರುವ ಕೇಬಲ್ ತಗೊಂಡು ಫೋನಿನ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿನ ಲೈನ್-ಇನ್‌ಗೆ (ಹೊರಗಿನ ದನಿ ಒಳಗೆ ತಗೊಳ್ಳುವ ತೂತು) ಹಾಕಿ, ಆಡಾಸಿಟಿ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ರೆಕಾರ್ಡ್ ಒತ್ತಿ. ಮೈಕ್ ತೂತು ಮಾತ್ರ ಇದ್ದರೆ ಫೋನಿನ ವಾಲ್ಯೂಮ್ ಚೆನ್ನಾಗಿ ಇಳಿಸಿ, ಇಲ್ಲದಿದ್ದರೆ ದನಿ ಒಡೆಯುತ್ತದೆ. ಫೋನಿನಲ್ಲಿ ತೂತೇ ಇಲ್ಲವಾ? ಸದ್ದಿಲ್ಲದ ಕೋಣೆಯಲ್ಲಿ ಸ್ಪೀಕರ್ ಹಾಕಿ, ಪಕ್ಕದಲ್ಲಿ ಇನ್ನೊಂದು ಫೋನಿನ ರೆಕಾರ್ಡರ್ ಇಡಿ. ಸಾಕು. ಮಾಮೂಲಿ ಫೋನ್ ಲೈನಿನಲ್ಲಿ ದನಿಯ 300ರಿಂದ 3400 ಹರ್ಟ್ಸ್ ಭಾಗ ಮಾತ್ರ ಹಾಯುತ್ತದೆ, ದುಬಾರಿ ಮೈಕ್ ತಂದರೂ ಹೋದದ್ದು ವಾಪಸ್ ಬರುವುದಿಲ್ಲ.

ಡಯಲ್ ಮಾಡುವ ಮೊದಲೇ ರೆಕಾರ್ಡಿಂಗ್ ಶುರು ಮಾಡಿ. ತಾರೀಕು, ಗಂಟೆ ಹೇಳುವ ಆ ಯಂತ್ರದ ದನಿಯನ್ನೂ ಕತ್ತರಿಸಬೇಡಿ, ಅಮ್ಮ ಯಾವತ್ತು ಫೋನ್ ಮಾಡಿದ್ದರು ಅನ್ನೋದಕ್ಕೆ ಮುಂದೆ ಅದೊಂದೇ ಗುರುತು. ಹಿಂದೆ ಕೇಳಿಸುವ ಟಿವಿ ಸದ್ದು, ಬಾಗಿಲ ಸದ್ದು ತೆಗೆಯಬೇಕು ಅನ್ನಿಸಿದರೆ ಪ್ರತಿ ಮಾಡಿಕೊಂಡು ಅದರಲ್ಲಿ ತೆಗೆಯಿರಿ. ನನ್ನನ್ನು ಕೇಳಿದರೆ ತೆಗೆಯಲೇಬೇಡಿ, ಅದೂ ಆ ಮನೆಯದೇ ಸದ್ದು ಅಲ್ವಾ?

ನೀವೇ ರೆಕಾರ್ಡ್ ಮಾಡಿದ್ದನ್ನು ವೇವ್ (WAV) ಫೈಲ್ ಆಗಿ, ಅಂದರೆ ದನಿಯನ್ನು ಕುಗ್ಗಿಸದೆ, ಇಡಿ. ಸಿಡಿ ಗುಣಮಟ್ಟದ ಮೋನೋ (ಒಂದೇ ಚಾನೆಲ್) ಅಂದರೂ ನಿಮಿಷಕ್ಕೆ 5 ಎಂಬಿ ಆಸುಪಾಸು, ಜಾಸ್ತಿ ಏನಲ್ಲ. ಫೋನಿನಿಂದ ಶೇರ್ ಆಗಿ ಬಂದದ್ದು ಹೇಗಿದೆಯೋ ಹಾಗೇ ಇರಲಿ. ಒಂದು ಪ್ರತಿ ಕಂಪ್ಯೂಟರಿನಲ್ಲಿ, ಒಂದು ಹಾರ್ಡ್‌ಡಿಸ್ಕ್‌ನಲ್ಲಿ, ಇನ್ನೊಂದು ಅಕ್ಕನದೋ ತಮ್ಮನದೋ ಹತ್ತಿರ ಇರಲಿ.

ಪ್ರಶ್ನೆ: ತಾತನ ದನಿ, ಮನೆ ಫೋನಿಗೆ ಬಂದ ಕರೆ ಎತ್ತದಿದ್ದಾಗ ಮಾತು ರೆಕಾರ್ಡ್ ಮಾಡುವ ಹಳೆಯ ಆನ್ಸರಿಂಗ್ ಮೆಷಿನ್‌ನಲ್ಲಿದೆ. ಅದನ್ನೂ ಹೀಗೇ ತೆಗೆಯಬಹುದಾ?

ಉತ್ತರ: ತೆಗೆಯಬಹುದು. ಮೊದಲು ಟೆಲಿಫೋನ್ ವೈರ್ ಬಿಚ್ಚಿ, ಹೊಸ ಕರೆ ಬಂದು ಅದರ ಮೇಲೇ ರೆಕಾರ್ಡ್ ಆಗಬಾರದು. ಕರೆಂಟ್ ಪ್ಲಗ್ ಮಾತ್ರ ಕೀಳಬೇಡಿ. ಟೇಪ್ ಇಲ್ಲದ ಡಿಜಿಟಲ್ ಮೆಷಿನ್‌ಗಳಲ್ಲಿ ಒಳಗಿನ ಬ್ಯಾಟರಿ ಸತ್ತಿದ್ದರೆ ಪ್ಲಗ್ ಕಿತ್ತ ಕೂಡಲೇ ಎಲ್ಲ ಅಳಿಸಿಹೋಗಬಹುದು. ಅಲ್ಲೇ, ಅದೇ ಜಾಗದಲ್ಲಿ ಸ್ಪೀಕರ್ ಹತ್ತಿರ ಫೋನ್ ಇಟ್ಟು ರೆಕಾರ್ಡ್ ಮಾಡಿ. ಟೇಪ್ ಇರುವ ಮೆಷಿನ್ ಆದರೆ ಆಮೇಲೆ ಕ್ಯಾಸೆಟ್ ಹೊರಗೆ ತೆಗೆದು, ಅಂಚಿನಲ್ಲಿರೋ ಸಣ್ಣ ಪ್ಲಾಸ್ಟಿಕ್ ತುಂಡನ್ನು ಮುರಿದುಬಿಡಿ, ಮತ್ತೆ ಅದರ ಮೇಲೆ ರೆಕಾರ್ಡ್ ಆಗುವುದಿಲ್ಲ. ಪುಟಾಣಿ ಮೈಕ್ರೋಕ್ಯಾಸೆಟ್ ಆಗಿದ್ದರೆ ಇನ್ನೊಂದು ವಿಷಯ: ಅದಕ್ಕೆ ಸೆಕೆಂಡಿಗೆ 2.4 ಮತ್ತು 1.2 ಸೆಂ.ಮೀ. ಅಂತ ಎರಡು ವೇಗ ಇವೆ. ಬೇರೆ ಪ್ಲೇಯರ್‌ನಲ್ಲಿ ತಾತ ಚಿಕ್ಕ ಹುಡುಗನ ಹಾಗೆ ಮಾತಾಡಿದರೆ ಗಾಬರಿ ಬೇಡ, ವೇಗದ ಸ್ವಿಚ್ ಬದಲಿಸಿ.

ಪ್ರಶ್ನೆ: ವಾಟ್ಸಾಪ್ ವಾಯ್ಸ್ ಮೆಸೇಜ್‌ಗಳಿಗೆ ಏನು ಮಾಡಲಿ?

ಉತ್ತರ: ಆ ಚಾಟ್ ತೆರೆದು ಎಕ್ಸ್‌ಪೋರ್ಟ್ ಕೊಡಿ, ಮೀಡಿಯಾ ಸಮೇತ ಅಂತ ಆರಿಸಿ. ಬರುವ ಫೈಲ್‌ಗಳು ಓಪಸ್ ಅನ್ನುವ ಆಡಿಯೋ ರೂಪದಲ್ಲಿರುತ್ತವೆ, ಕಂಪ್ಯೂಟರಿನಲ್ಲಿ ವಿಎಲ್‌ಸಿ ಪ್ಲೇಯರ್ ಇದ್ದರೆ ಆರಾಮಾಗಿ ಕೇಳಬಹುದು.