ಮನೆ–ತೋಟ ಪ್ರಶ್ನೋತ್ತರ: ಮರದ ಶೆಡ್ಡಿನ ಬಣ್ಣ, ಬುಡ, ಒರಲೆ

ಪ್ರಶ್ನೆ: ತೋಟದ ಸಾಮಾನಿಡಲು ಸಿಲ್ವರ್ ಓಕ್ ಹಲಗೆಯಲ್ಲಿ 8x10 ಅಡಿಯ ಶೆಡ್ಡು ಮಾಡಿಸಿದ್ದೇವೆ. ಗೋಡೆ 7 ಅಡಿ ಎತ್ತರ. ಮೇ ಕೊನೆಗೆ ಹೊಡೆಸಿದ ಎನಾಮಲ್ ಮಳೆಗಾಲ ಮುಗಿಯುವಷ್ಟರಲ್ಲಿ ಗುಳ್ಳೆ ಎದ್ದು ಕಳಚುತ್ತಿದೆ. ಪೇಂಟ್ ಕಳಪೆಯೆ? – ಓದುಗರು, ಕೊಪ್ಪ

ಉತ್ತರ: ಪೇಂಟನ್ನು ಬೈಯುವ ಮೊದಲು ಹಲಗೆಯ ಕಡಿದ ತುದಿಗಳನ್ನು ನೋಡಿ. ಬಹುಶಃ ಅಲ್ಲಿ ಬಣ್ಣವೇ ತಾಗಿರಲಿಕ್ಕಿಲ್ಲ. ಮರ ಮೈಯಿಗಿಂತ ಹೆಚ್ಚು ನೀರು ಕುಡಿಯುವುದು ತುದಿಯಿಂದ. ಒಳಗೆ ಸೇರಿದ ನೀರು ಬಿಸಿಲು ಬಿದ್ದಾಗ ಆವಿಯಾಗಿ ಹೊರಬರಲು ನೋಡುತ್ತದೆ, ಎನಾಮಲ್ ಪದರ ಬಿಡುವುದಿಲ್ಲ, ಗುಳ್ಳೆ ಏಳುತ್ತದೆ. ಅದೂ ಅಲ್ಲದೆ ಮೇ ಕೊನೆಗೆ ನಿಮ್ಮ ಕಡೆ ನಾಲ್ಕು ಮಳೆ ಬಿದ್ದು ಮರ ಆಗಲೇ ಹಸಿಯಾಗಿರುತ್ತದೆ. ಈ ಕೆಲಸಕ್ಕೆ ಡಿಸೆಂಬರ್‌ನಿಂದ ಫೆಬ್ರವರಿಯೇ ಸರಿ. ತೇವಾಂಶ ಅಳೆಯುವ ಮೀಟರ್ ಸಿಕ್ಕರೆ 15%ಕ್ಕಿಂತ ಕೆಳಗಿರಬೇಕು.

ಎದ್ದ ಪೇಂಟನ್ನೆಲ್ಲ ಕೆರೆದು ತೆಗೆಯಿರಿ. ಗಟ್ಟಿಯಾಗಿ ಅಂಟಿರುವುದು ಇರಲಿ. 80 ನಂಬರ್ ಸ್ಯಾಂಡ್ ಪೇಪರ್, ಆಮೇಲೆ 120, ಎಳೆಯ ಉದ್ದಕ್ಕೇ ಉಜ್ಜಿ ಧೂಳು ಒರೆಸಿ. ತುದಿಗಳಿಗೆ ವುಡ್ ಪ್ರೈಮರ್ ಎರಡು ಸಲ, ಮೈಗೆ ಒಂದು ಸಲ. ಬಿರುಕಿಗೆ ಪುಟ್ಟಿ ತುಂಬುವುದು ಪ್ರೈಮರ್ ಆದ ಮೇಲೆ. ಮೊದಲೇ ತುಂಬಿದರೆ ಒಣ ಮರ ಅದರ ಎಣ್ಣೆ ಹೀರಿಕೊಂಡು ಪುಟ್ಟಿ ಉದುರುತ್ತದೆ. ಬಳಿಕ ಎನಾಮಲ್ ಎರಡು ಕೋಟ್, ನಡುವೆ ಒಂದು ರಾತ್ರಿ ಬಿಡಬೇಕು. ತೆಳು ಮಾಡಲು ಬೆರೆಸುವ ಟರ್ಪಂಟೈನ್ ಒಂದು ಲೀಟರ್ ಎನಾಮಲ್‌ಗೆ 100 ಎಂಎಲ್ ಮೀರಬಾರದು. ಬಳಿಯಲು ಸಲೀಸು ಅಂತ ಪೇಂಟರ್‌ಗಳು ಸುರಿಯುತ್ತಲೇ ಹೋಗುತ್ತಾರೆ, ಪದರ ತೆಳುವಾಗುತ್ತದೆ. ಸಂಜೆ ನಾಲ್ಕಕ್ಕೆ ಬ್ರಷ್ ಎತ್ತಿಡಿ, ಇಬ್ಬನಿ ಬಿದ್ದರೆ ಹೊಳಪು ಮಂಕಾಗುತ್ತದೆ. ನಾಲ್ಕೂ ಗೋಡೆಯ ಹೊರಮೈ ಸುಮಾರು 250 ಚದರಡಿ: ಎರಡೂವರೆ ಲೀಟರ್ ಪ್ರೈಮರ್, 4 ಲೀಟರ್ ಎನಾಮಲ್ ಸಾಕು.

ಸೂರು ಗೋಡೆಯಿಂದ ಒಂದೂವರೆ ಅಡಿಯಾದರೂ ಮುಂದೆ ಚಾಚಿರಲಿ. ಅದಿಲ್ಲದಿದ್ದರೆ ಮಲೆನಾಡಿನ ಇರಚಲಿಗೆ ಯಾವ ದುಬಾರಿ ಪೇಂಟೂ ನಿಲ್ಲುವುದಿಲ್ಲ.

ಪ್ರಶ್ನೆ: ಪೇಂಟ್ ಬದಲು ಗೇರೆಣ್ಣೆ ಬಳಿಯಬಹುದೆ? – ಓದುಗರು, ಕುಮಟಾ

ಉತ್ತರ: ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಕರಾವಳಿಯವರು ದೋಣಿಗೇ ಬಳಿಯುತ್ತಿದ್ದರು, ಶೆಡ್ಡಿಗೆ ಧಾರಾಳವಾಗಿ ಬಳಿಯಬಹುದು. ಮರಕ್ಕೆ ಇಳಿಯುವುದರಿಂದ ಪೇಂಟಿನ ಹಾಗೆ ಸಿಪ್ಪೆ ಏಳುವುದಿಲ್ಲ. ಆದರೆ ಮರ ಕಪ್ಪಾಗುತ್ತದೆ. ಚರ್ಮಕ್ಕೆ ತಾಗಿದರೆ ಸುಟ್ಟ ಹಾಗೆ ಬೊಕ್ಕೆ ಬರುತ್ತದೆ: ರಬ್ಬರ್ ಕೈಗವಸು, ತುಂಬುತೋಳಿನ ಅಂಗಿ ಬೇಕೇ ಬೇಕು. ಪೂರ್ತಿ ಒಣಗುವವರೆಗೆ ಮಕ್ಕಳನ್ನು ಹತ್ತಿರ ಬಿಡಬೇಡಿ, ಮೇಲೆ ಪೇಂಟೂ ಹಿಡಿಯದು.

(ಅಗಸೆ ಎಣ್ಣೆ ಬಳಸುವವರಿಗೊಂದು ಮಾತು: ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿ ಕಾದು ಬೆಂಕಿ ಹತ್ತಬಹುದು. ಹರವಿ ಒಣಗಿಸಿ.)

ಪ್ರಶ್ನೆ: ಕಂಬದ ಬುಡಕ್ಕೆ ಒರಲೆ ಹತ್ತಿದೆ. ಸುತ್ತ ಸಿಮೆಂಟ್ ಹಾಕಿದರೆ ನಿಲ್ಲುತ್ತದೆಯೆ? – ಓದುಗರು, ಸಾಗರ

ಉತ್ತರ: ಇಲ್ಲ. ಒಣಗಿದ ಕಂಬ ಕುಗ್ಗಿ ಸಿಮೆಂಟಿಗೂ ಮರಕ್ಕೂ ಸಂದಾಗುತ್ತದೆ, ಅಲ್ಲಿ ನೀರು ನಿಂತು ಬುಡ ಇನ್ನೂ ಬೇಗ ಕೊಳೆಯುತ್ತದೆ. ಹಾಳಾದಷ್ಟನ್ನು ಕೊಯ್ದು ಕಂಬವನ್ನು ಒಂದಡಿ ಎತ್ತರದ ಅಡಿಗಲ್ಲಿನ ಮೇಲೆ ಕೂರಿಸಿ, ಕೊಯ್ದ ಮುಖಕ್ಕೆ ಬಿಟುಮೆನ್ ಪೇಂಟ್ ಬಳಿಯಿರಿ. ಒರಲೆ ಮತ್ತೆ ಬಂದರೂ ಕಲ್ಲಿನ ಮೇಲೆ ಮಣ್ಣಿನ ಗೆರೆ ಕಟ್ಟಿಕೊಂಡೇ ಹತ್ತಬೇಕು; ಕಣ್ಣಿಗೆ ಬಿದ್ದಾಗ ಕೆಡವಬಹುದು. ಹಲಗೆಯಿಂದ ಸಣ್ಣ ಹಿಟ್ಟು ಉದುರುತ್ತಿದ್ದರೆ ಅದು ಒರಲೆಯಲ್ಲ, ಮರ ಕೊರೆಯುವ ಕುಟ್ಟೆ ಹುಳ. 10 ಲೀಟರ್ ಬಿಸಿನೀರಿಗೆ 300 ಗ್ರಾಂ ಬೊರಾಕ್ಸ್, 200 ಗ್ರಾಂ ಬೋರಿಕ್ ಆಸಿಡ್ ಕರಗಿಸಿ, ಬಣ್ಣವಿಲ್ಲದ ಮರಕ್ಕೆ ಎರಡು ಸಲ ಬಳಿಯಿರಿ. ಮಳೆಗೆ ಇದು ತೊಳೆದುಹೋಗುವುದರಿಂದ ಒಣಗಿದ ಮೇಲೆ ಪೇಂಟ್ ಆಗಲೇಬೇಕು.